ಕಿತ್ತ ಹಳಿ, ಕೊರೆದ ಸುರಂಗ

ಚರ್ಚ್‌ಗೇಟ್ ಬಂತು ಅಂದ್ರೆ ಮುಂಬೈನ ವೆಸ್ಟರ್ನ್ ಲೈನ್ ಮುಗೀತು. ಆದರೆ 1930ರವರೆಗೂ ಹಳಿ ಇನ್ನೂ ದಕ್ಷಿಣಕ್ಕೆ, ಕೊಲಾಬಾ ತನಕ ಇತ್ತು. 1928ರ ಜನವರಿಯಲ್ಲಿ ಬೊರಿವಲಿಗೆ ವಿದ್ಯುತ್ ಲೋಕಲ್ ಶುರುವಾಗಿದ್ದೂ ಅಲ್ಲಿಂದಲೇ. ಮೂರು ವರ್ಷ ತುಂಬಲಿಲ್ಲ. ಸಮುದ್ರ ತುಂಬಿಸಿ ನೆಲ ಮಾಡುವ ಬ್ಯಾಕ್‌ಬೇ ಯೋಜನೆಗೆ ಜಾಗ ಬೇಕೆಂದು 1930ರ ಡಿಸೆಂಬರ್ 31ಕ್ಕೆ ಸ್ಟೇಷನ್ ಮುಚ್ಚಿದರು. ಅಲ್ಲೀಗ ರೈಲ್ವೆ ಅಧಿಕಾರಿಗಳ ಕ್ವಾರ್ಟರ್ಸ್, ಬಧ್ವಾರ್ ಪಾರ್ಕ್.

ಆಮೇಲೆ ಆ ಕಡೆ ಕಚೇರಿಗಳು ಎದ್ದವು. 2025ರಲ್ಲಿ ಪಕ್ಕದ ಕಫ್ ಪರೇಡ್‌ಗೆ ಮೆಟ್ರೋ ಬಂತು, ನೆಲದಡಿ ಸುರಂಗ ಕೊರೆದು!

ನಾಳೆ ಇಂಥ ನಕ್ಷೆಗಳನ್ನು ಬರೆಯೋರು ನಾವೇ. ನಾವು ಹೇಳೋದಿಷ್ಟೇ: ರೈಲು ನಿಲ್ಲಿಸಿದರೂ ಅದರ ದಾರಿಯನ್ನು ಬಿಟ್ಟುಕೊಡಬಾರದು. ಹಳಿ ಮತ್ತೆ ಹಾಕಬಹುದು, ಜಾಗ ಮತ್ತೆ ಸಿಗಲ್ಲ.