ಪ್ರತಿಭಾ ಪುರಸ್ಕಾರಕ್ಕೆ ಮುನ್ನ

ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಫಲಕವನ್ನಿತ್ತು ಗೌರವಿಸುವುದು ಹೊರನಾಡ ಕನ್ನಡ ಸಂಘಗಳು ಪಾಲಿಸಿಕೊಂಡು ಬಂದಿರುವ ಸತ್ಸಂಪ್ರದಾಯ. ಅದು ನಡೆಯಲಿ. ಆದರೆ ಆ ಹೊತ್ತಿಗೆ ಮಗುವಿನ ದಾರಿ ಬಹುಮಟ್ಟಿಗೆ ನಿಶ್ಚಯವಾಗಿಬಿಟ್ಟಿರುತ್ತದೆ. ತೆಲಂಗಾಣದಲ್ಲಿ ಹತ್ತನೆಯ ತರಗತಿ ಮುಗಿದೊಡನೆಯೇ ಗಣಿತವುಳ್ಳ ಎಂ.ಪಿ.ಸಿ.ಯೋ ಜೀವಶಾಸ್ತ್ರವುಳ್ಳ ಬೈ.ಪಿ.ಸಿ.ಯೋ ಎಂದು ಆರಿಸಿಕೊಳ್ಳಬೇಕು. ಮೊದಲನೆಯದಾದರೆ ಎಂಜಿನಿಯರು, ಎರಡನೆಯದಾದರೆ ಡಾಕ್ಟರು. ಮನೆಯಲ್ಲಿ ನಡೆಯುವ ಸಮಾಲೋಚನೆ ಇಷ್ಟೇ.

ಮಾದಾಪುರದಲ್ಲಿ ಬೆಳೆಯುವ ನಮ್ಮ ಮಕ್ಕಳ ಸಂಗತಿ ಇನ್ನೂ ವಿಚಿತ್ರವಾದುದು. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದಂದಿನಿಂದ, ತಂತ್ರಜ್ಞಾನವೆಂದರೆ ಗಾಜಿನ ಕಟ್ಟಡದೊಳಗಣ ಗಣಕಯಂತ್ರವೆಂಬ ಭಾವನೆ ಇಲ್ಲಿ ಬೇರೂರಿದೆ. ಆ ಉದ್ಯೋಗವನ್ನು ನಾನು ಹಳಿಯುತ್ತಿಲ್ಲ. ನಮ್ಮಲ್ಲಿ ಅನೇಕರ ಅನ್ನ ಅದರಿಂದಲೇ. ಆದರೆ ಇದೇ ಮಾದಾಪುರದ ಮೆಟ್ರೋ ನಿಲ್ದಾಣದಲ್ಲಿ ನಾಗೋಲಿನ ಗಾಡಿಯನ್ನೇರಿದರೆ, ನಡುವೆ ಎಲ್ಲಿಯೂ ಇಳಿದು ಹತ್ತದೆ ತಾರ್ನಾಕ, ಹಬ್ಸಿಗುಡಗಳನ್ನು ತಲುಪಬಹುದು. ತಾರ್ನಾಕದ ಬಳಿ ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ಡಾ. ಮೆಕ್‌ಕ್ಯಾರಿಸನ್ ಅವರು ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಕೊಠಡಿಯಲ್ಲಿ ಆರಂಭಿಸಿದ ಕಾರ್ಯವೇ ಬೆಳೆದು, 1958ರಲ್ಲಿ ಈ ನಗರಕ್ಕೆ ಬಂದಿತು. ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಹಾಗೂ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರಗಳೂ ಅದೇ ದಾರಿಯಲ್ಲಿವೆ. ಮುಂದಿನ ನಿಲ್ದಾಣದ ಹೆಸರೇ ಎನ್.ಜಿ.ಆರ್.ಐ. ಗಾಡಿಯಲ್ಲಿ ಆ ಹೆಸರನ್ನು ಕೇಳುವ ಮಗುವಿಗೆ, ಅಲ್ಲಿ ಭೂಕಂಪವನ್ನೂ ಅಂತರ್ಜಲವನ್ನೂ ಅಭ್ಯಸಿಸುವವರಿದ್ದಾರೆಂದು ನಮ್ಮಲ್ಲಿ ಎಷ್ಟು ಮಂದಿ ಹೇಳಿದ್ದೇವೆ?

ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ಪರಿಶೀಲಿಸುವ ನನಗೆ ಒಂದು ಅಂಶ ಎದ್ದು ಕಾಣುತ್ತದೆ. ಶುಲ್ಕ, ಬಡ್ಡಿಯ ದರ, ವ್ಯಾಸಂಗ ಮುಗಿದ ಮೇಲೆ ಕಂತು ಆರಂಭವಾಗುವ ಮೊದಲು ದೊರೆಯುವ ಅವಧಿ, ಎಲ್ಲವನ್ನೂ ತಂದೆ ಬಾಯಿಪಾಠವಾಗಿ ಹೇಳುತ್ತಾರೆ. ಓದು ಮುಗಿಸಿದ ಮೇಲೆ ದಿನವಿಡೀ ಯಾವ ಕೆಲಸ ಮಾಡುವೆಯಪ್ಪಾ ಎಂದರೆ, ಪಕ್ಕದಲ್ಲಿ ಕುಳಿತ ಹುಡುಗ ತಂದೆಯ ಮುಖ ನೋಡುತ್ತಾನೆ. ಲಕ್ಷಗಟ್ಟಲೆ ಸಾಲಕ್ಕೆ ಇದು ಬಹಳ ದುರ್ಬಲವಾದ ಆಧಾರ.

ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಾರವಾರವೂ ವಿಜ್ಞಾನದ ಉಪನ್ಯಾಸಗಳನ್ನು ಜನಸಾಮಾನ್ಯರ ಮುಂದಿರಿಸಿದರು. ನಮಗೆ ವಾರಕ್ಕೊಂದು ಬೇಡ, ಎರಡು ತಿಂಗಳಿಗೊಂದು ಸಾಧ್ಯವಾದರೂ ಮೇಲು. ವಿಜ್ಞಾನಿಗಳನ್ನಷ್ಟೇ ಕರೆಯಬಾರದು. ರಕ್ತಪರೀಕ್ಷೆ ಮಾಡುವವರು, ಎಕ್ಸ್‌ರೇ ತಂತ್ರಜ್ಞರು, ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುವವರು ಬಂದು ತಮ್ಮ ದಿನಚರಿಯನ್ನೂ, ಸಂಕೋಚವಿಲ್ಲದೆ ಸಂಬಳವನ್ನೂ ಹೇಳಲಿ. ಹತ್ತನೆಯ ತರಗತಿಯ ನಂತರ ಪಾಲಿಸೆಟ್ ಬರೆದು ಡಿಪ್ಲೊಮಾ ಸೇರಬಹುದು, ಅಲ್ಲಿಂದ ಇಸೆಟ್ ಮೂಲಕ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಪ್ರವೇಶಿಸಬಹುದು ಎಂಬುದು ನಮ್ಮ ಎಷ್ಟೋ ಮನೆಗಳಿಗೆ ತಿಳಿಯದು. ಡಿಪ್ಲೊಮಾ ಎಂದರೆ ಮೂಗು ಮುರಿಯುವ ಅಭ್ಯಾಸ ಬೇರೆ!

ಎಂಟು, ಒಂಬತ್ತನೆಯ ತರಗತಿಯ ಮಕ್ಕಳನ್ನೇ ಮೊದಲು ಕರೆದೊಯ್ಯಬೇಕು. ಸೆಪ್ಟೆಂಬರ್ 26 ಸಿ.ಎಸ್.ಐ.ಆರ್. ಸಂಸ್ಥಾಪನಾ ದಿನ, ಅದರ ಆಸುಪಾಸಿನಲ್ಲಿ ಆ ಸಂಸ್ಥೆಗೆ ಸೇರಿದ ಪ್ರಯೋಗಶಾಲೆಗಳು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯುವ ರೂಢಿಯಿದೆ. ಸಂಘದ ಕಾರ್ಯದರ್ಶಿಗಳು ಜುಲೈ ತಿಂಗಳಿನಲ್ಲಿಯೇ ಪತ್ರ ಬರೆದು ವಿಚಾರಿಸಲಿ. ಖರ್ಚೆಂದರೆ ಮೆಟ್ರೋ ಟಿಕೆಟು, ಮಧ್ಯಾಹ್ನಕ್ಕೊಂದು ಚಿತ್ರಾನ್ನದ ಪೊಟ್ಟಣ.