ಆ ಮಾತಿಗೆ ನಗಬೇಡಿ

ತುಮಕೂರು ನಗರದ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಬಂಧುಗಳೇ,

ಸರ್ಕಾರಿ ಕಚೇರಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ, ವಸಂತನರಸಾಪುರದ ಕಾರ್ಖಾನೆಗಳಲ್ಲಿ, ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗಳಲ್ಲಿ ದುಡಿಯುವ ನಿಮ್ಮೆಲ್ಲರಲ್ಲಿ ಒಂದು ಮನವಿ. ಜೊತೆಗೆ ಕೆಲಸ ಮಾಡುವ ಹೆಣ್ಣುಮಗಳನ್ನು ಗುರಿಯಾಗಿಸಿಕೊಂಡು ಯಾರಾದರೂ ಹೊಲಸು ಜೋಕು ಹೊಡೆದರೆ ದಯವಿಟ್ಟು ನಗಬೇಡಿ. ನಗದೆ ತಲೆ ತಗ್ಗಿಸಿ ಕೂತರೂ ಸಾಲದು. 'ಈ ಮಾತು ಬೇಡ' ಎಂದು ಬಾಯಿಬಿಟ್ಟು ಹೇಳಿ.

ಇದೇನು ದೊಡ್ಡ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ದಿನನಿತ್ಯ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೆಳಗ್ಗೆ ಹನ್ನೊಂದರ ಟೀ ಹೊತ್ತು. ಹೆರಿಗೆ ರಜೆ ಮುಗಿಸಿ ಅವತ್ತಷ್ಟೇ ಕೆಲಸಕ್ಕೆ ಬಂದ ಹೆಣ್ಣುಮಗಳು ಬಾಕಿ ಉಳಿದ ರಿಜಿಸ್ಟರು ತೆರೆದು ಕೂತಿದ್ದಾಳೆ. ಪಕ್ಕದ ಸೆಕ್ಷನ್ನಿನ ಹಿರಿಯರೊಬ್ಬರು ಲೋಟ ಹಿಡಿದು ಬಂದು, "ಏನ್ ಮೇಡಂ, ಯಜಮಾನ್ರು ಇಷ್ಟು ಬೇಗ ಬಿಟ್ಟು ಕಳಿಸಿದ್ರಾ? ಹೋಗ್ಲಿ ಬಿಡಿ, ರಾತ್ರಿ ಪಾಳಿ ಹೇಗೂ ಇದ್ದೇ ಇದೆ, ಮುಂದಿನ ವರ್ಷ ಇನ್ನೊಂದು ರಜಾ ಅರ್ಜಿ ಗ್ಯಾರಂಟಿ" ಅನ್ನುತ್ತಾರೆ. ನಾಲ್ಕು ಮೇಜಿನವರು ಗೊಳ್ಳೆಂದು ನಗುತ್ತಾರೆ. ಆಕೆ ಓದಿ ಮುಗಿಸದ ಪುಟವನ್ನೇ ತಿರುವಿ ಹಾಕುತ್ತಾಳೆ. ಮಾರನೆಯ ದಿನದಿಂದ ಟೀಗೆ ಎಲ್ಲರ ಜೊತೆ ಸೇರುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಫೈಲು ತರಲು ಕೂಡ ಆ ಸೆಕ್ಷನ್ನಿನ ಕಡೆ ಹೋಗದೆ ಅಟೆಂಡರನ್ನು ಕಳಿಸುತ್ತಾಳೆ. 'ಬಾಣಂತನ ಆದ್ಮೇಲೆ ಮೇಡಂ ಸ್ವಲ್ಪ ಗತ್ತು ಜಾಸ್ತಿ ಮಾಡ್ತಾರೆ' ಎಂಬ ಮಾತು ಆಮೇಲೆ ಹುಟ್ಟಿಕೊಳ್ಳುತ್ತದೆ.

ಇಲ್ಲಿ ಆಡಿದವರು ಒಬ್ಬರು, ನಕ್ಕವರು ಏಳೆಂಟು ಮಂದಿ. ಆಕೆಗೆ ಹೆಚ್ಚು ನೋವಾದದ್ದು ಆ ಏಳೆಂಟು ಮಂದಿಯಿಂದ. ಒಬ್ಬನ ಬಾಯಿ ಕೆಟ್ಟದ್ದು ಎಂದು ತಳ್ಳಿಹಾಕಬಹುದಿತ್ತು. ಎಲ್ಲರೂ ನಕ್ಕಾಗ ಇಡೀ ಕಚೇರಿಯೇ ತನ್ನನ್ನು ಹಾಗೆ ನೋಡುತ್ತಿದೆ ಎಂದಾಗುತ್ತದೆ. ಅವರಲ್ಲಿ ಅರ್ಧ ಮಂದಿಗೆ ಆ ಮಾತು ಇಷ್ಟವಾಗಿರಲಿಲ್ಲ ಎನ್ನುವುದು ಅವಳಿಗೆ ಹೇಗೆ ಗೊತ್ತಾಗಬೇಕು?

ದೊಡ್ಡವರ ಸಭೆಯಲ್ಲೂ ಹೀಗೇ ಆಗಿದೆ. 2021ರ ಡಿಸೆಂಬರ್ 16ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಕಲಾಪ ನಡೆಯುತ್ತಿದ್ದಾಗ, ಮಾಜಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅವರು ಅತ್ಯಾಚಾರವನ್ನು ಹೋಲಿಕೆಗೆ ಎಳೆದುತಂದು ಒಂದು ಮಾತು ಆಡಿದರು. ಆಗ ಸ್ಪೀಕರ್ ಪೀಠದಲ್ಲಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ನಕ್ಕರು, ಸದಸ್ಯರೂ ನಕ್ಕರು. ನಾಡಿನ ಒಳಗೂ ಹೊರಗೂ ಟೀಕೆ ಕೇಳಿಬಂತು, ಮಹಿಳಾ ಶಾಸಕರು ಆಕ್ಷೇಪ ಎತ್ತಿದರು. ಮಾರನೆಯ ದಿನ ರಮೇಶ್ ಕುಮಾರ್ ಸದನದಲ್ಲೇ ಕ್ಷಮೆ ಕೇಳಿದರು. ವಿಧಾನಸಭೆಯೂ ಹೆಂಗಸರು ಗಂಡಸರು ಕೂಡಿ ದುಡಿಯುವ ಜಾಗವೇ. ಮಾತು ಆಡಿದವರು ಕ್ಷಮೆ ಕೇಳಿದರು, ಸರಿ. ಅದೇ ಕ್ಷಣದಲ್ಲಿ ಒಬ್ಬರಾದರೂ ಎದ್ದು 'ಈ ಮಾತು ಕಡತದಿಂದ ತೆಗೆಯಿರಿ' ಎಂದಿದ್ದರೆ ನಾಡು ನೆನಪಿಟ್ಟುಕೊಳ್ಳುವ ಪಾಠವೇ ಬೇರೆಯಾಗುತ್ತಿತ್ತು.

ನಗುವೇ ಬೇಡ ಎನ್ನುವವರ ಮಾತಲ್ಲ ಇದು. ನಮ್ಮ ಜಿಲ್ಲೆಗೆ ನಗಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ನಾಡಿನಾದ್ಯಂತ ಹೆಸರಾಗಿಸಿದ ಗುಬ್ಬಿ ವೀರಣ್ಣನವರು ಹಾಸ್ಯ ಪಾತ್ರಗಳಿಂದಲೇ ಮನೆಮಾತಾದವರು. ಹೆಣ್ಣು ಪಾತ್ರವನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ಅವರು ನಟಿಯರನ್ನು ರಂಗಕ್ಕೆ ತಂದರು. ತಿಪಟೂರಿನ ನರಸಿಂಹರಾಜು ಅವರೂ ಅದೇ ಕಂಪನಿಯಲ್ಲಿ ಪಳಗಿ, ಬೆಳ್ಳಿತೆರೆಗೆ ಹೋಗಿ ಎರಡು ತಲೆಮಾರನ್ನು ನಗಿಸಿದರು. ಅವರ ಹಾಸ್ಯಕ್ಕೆ ಅಜ್ಜಿ, ಸೊಸೆ, ಮೊಮ್ಮಗಳು ಸಾಲಾಗಿ ಕೂತು ನಕ್ಕರು. ಟೀ ಹೊತ್ತಿನ ಆ ಜೋಕನ್ನು ಹೊಡೆದವರು ತಮ್ಮ ಮಗಳ ಎದುರು ಇನ್ನೊಮ್ಮೆ ಹೇಳುತ್ತಾರೆಯೇ? ಹೇಳಲಾಗದಿದ್ದರೆ ಅದು ಸಹೋದ್ಯೋಗಿಯ ಎದುರೂ ಬೇಡ.

ಹಾಗಾದರೆ ಆ ಕ್ಷಣದಲ್ಲಿ ಏನು ಮಾಡುವುದು? ಭಾಷಣ ಬೇಕಿಲ್ಲ, ಜಗಳವೂ ಬೇಕಿಲ್ಲ. ಆಡಿದವರು ಹಿರಿಯರಾದರೆ "ಸಾರ್, ಆ ಮಾತು ಬೇಡ, ಸರಿ ಇರಲ್ಲ" ಎಂದರೆ ಸಾಕು. ಸಲಿಗೆಯವರಾದರೆ "ಅಣ್ಣ, ಇದ್ರಲ್ಲಿ ನಗೋದೇನಿದೆ?" ಎಂದು ಕೇಳಿ. ಎರಡರ್ಥದ ಮಾತಾದರೆ "ಅರ್ಥ ಆಗ್ಲಿಲ್ಲ, ಬಿಡಿಸಿ ಹೇಳಿ" ಎನ್ನಿ. ಬಿಡಿಸಿ ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಆಗ ಹೇಳಲು ಬಾಯಿ ಬರಲಿಲ್ಲವೇ? ಸಂಜೆ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವರನ್ನು ಒಬ್ಬರನ್ನೇ ಕರೆದು ಹೇಳಿ. ಗೆಳೆಯ ಹೇಳಿದ ಮಾತು ಮೆಮೋಗಿಂತ ಬೇಗ ನಾಟುತ್ತದೆ. ಕಚೇರಿಯ ವಾಟ್ಸ್ಯಾಪ್ ಗುಂಪಿಗೆ ಹೊಲಸು ವಿಡಿಯೊ, ಸ್ಟಿಕ್ಕರ್ ಬಂದರೆ 'ಇದು ಕೆಲಸದ ಗ್ರೂಪು, ದಯವಿಟ್ಟು ಡಿಲೀಟ್ ಮಾಡಿ' ಎಂದು ಅಲ್ಲೇ, ಎಲ್ಲರಿಗೂ ಕಾಣುವಂತೆ ಬರೆಯಿರಿ.

ಆಮೇಲೆ ಆ ಹೆಣ್ಣುಮಗಳ ಹತ್ತಿರ ಹೋಗಿ. 'ಹೋಗ್ಲಿ ಬಿಡಮ್ಮ, ಅವರ ಸ್ವಭಾವವೇ ಹಾಗೆ' ಎಂದು ಸಮಾಧಾನ ಮಾಡಬೇಡಿ. 'ಅವರು ಅಂದದ್ದು ತಪ್ಪು, ನಾನು ಕೇಳಿಸಿಕೊಂಡಿದ್ದೇನೆ, ನೀವು ಏನು ಮಾಡಿದರೂ ಜೊತೆಗಿದ್ದೇನೆ' ಎನ್ನಿ. ದೂರು ಕೊಡಬೇಕೋ ಬೇಡವೋ ಎಂಬ ತೀರ್ಮಾನ ಅವಳದು. ತಾರೀಕು, ಹೊತ್ತು, ಯಾರ ಯಾರ ಎದುರು ಏನಂದರು ಎಂಬುದನ್ನು ಬರೆದಿಟ್ಟುಕೊಳ್ಳಿ. ನಾಳೆ ವಿಚಾರಣೆ ನಡೆದರೆ ಸಾಕ್ಷಿ ಹೇಳಲು ಹಿಂಜರಿಯಬೇಡಿ. ಇಂಥ ದೂರುಗಳು ಬಿದ್ದುಹೋಗುವುದು ಬಹುಮಟ್ಟಿಗೆ ಜೊತೆಗಿದ್ದವರು 'ನಾನು ಕೇಳಿಸ್ಕೊಳ್ಳಲಿಲ್ಲ' ಎನ್ನುವಾಗ.

ಇದಕ್ಕೆ ಕಾನೂನಿನ ಬಲವೂ ಇದೆ. ಬಾಲ್ಯವಿವಾಹ ತಡೆಯಲು ಹೋಗಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ರಾಜಸ್ಥಾನದ ಭಂವರಿ ದೇವಿಯವರ ಪ್ರಕರಣದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು ನಿಯಮ ಹಾಕಿಕೊಟ್ಟ ವಿಶಾಖಾ ತೀರ್ಪು ಕೊಟ್ಟಿತು. ಅದು ಸಂಸತ್ತಿನ ಕಾಯ್ದೆಯಾಗಲು 2013ರವರೆಗೆ ಕಾಯಬೇಕಾಯಿತು. ಆ ಕಾಯ್ದೆಯ ಪ್ರಕಾರ ಮೈ ಮುಟ್ಟುವುದಷ್ಟೇ ಕಿರುಕುಳವಲ್ಲ. ಆಕೆಗೆ ಬೇಡವಾದ, ಲೈಂಗಿಕ ಧ್ವನಿಯ ಮಾತೂ ಕಿರುಕುಳವೇ. 'ತಮಾಷೆಗೆ ಅಂದೆ' ಎಂಬ ಸಮಜಾಯಿಷಿಯಿಂದ ಅದು ಅಳಿಸಿಹೋಗುವುದಿಲ್ಲ. ಮಾಲೀಕರು ಒದಗಿಸಿದ ಬಸ್ಸೂ ಕೆಲಸದ ಜಾಗವೆನ್ನಿಸಿಕೊಳ್ಳುತ್ತದೆ. ಗುಬ್ಬಿ, ಕುಣಿಗಲ್‌ನ ಹಳ್ಳಿಗಳಿಂದ ನಸುಕಿನಲ್ಲೇ ಕಾರ್ಖಾನೆಯ ಗಾಡಿ ಹತ್ತುವ ಹುಡುಗಿಯರಿಗೆ ಇದು ಗೊತ್ತಿರಬೇಕು.

ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಮಹಿಳಾ ಉದ್ಯೋಗಿಯೇ ಅಧ್ಯಕ್ಷೆ, ಅರ್ಧದಷ್ಟಾದರೂ ಹೆಂಗಸರು, ಹೊರಗಿನವರು ಒಬ್ಬರು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್ಕುಗಳಲ್ಲಿ ದುಡಿಯುವವರಿಗೆ, ಮನೆಗೆಲಸದವರಿಗೆ, ಮಾಲೀಕನ ಮೇಲೆಯೇ ದೂರು ಇರುವವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇದ್ದು, ಬಂದ ದೂರನ್ನು 7 ದಿನದೊಳಗೆ ಆ ಸಮಿತಿಗೆ ಕಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಘಟನೆಯಾದ 3 ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳ ಅವಕಾಶವಿದೆ. ಬರೆಯಲು ಬಾರದವರಿಗೆ ಸಮಿತಿಯೇ ನೆರವಾಗಬೇಕು. ದೂರುದಾರಳ ಹೆಸರು ಬಯಲು ಮಾಡುವಂತಿಲ್ಲ. ದೂರು ರುಜುವಾತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರಾಗುವುದೂ ಇಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಮಾಲೀಕರಲ್ಲಿ, ಮುಖ್ಯಸ್ಥರಲ್ಲಿ ಒಂದು ವಿನಂತಿ. ಸಮಿತಿಯನ್ನು ಫೈಲಿನಲ್ಲಿ ಇಟ್ಟುಕೊಂಡು ಕೂರಬೇಡಿ. ಸದಸ್ಯರ ಹೆಸರು, ಫೋನ್ ನಂಬರನ್ನು ಕನ್ನಡದಲ್ಲಿ ಬರೆಸಿ, ಹಾಜರಿ ಹಾಕುವ ಜಾಗದಲ್ಲೇ ಹಚ್ಚಿ. ನಿಮ್ಮ ಎದುರು ಯಾರಾದರೂ ಇಂಥ ಜೋಕು ಹೊಡೆದರೆ ಮೊದಲು ತಡೆಯಬೇಕಾದವರು ನೀವು. ಯಜಮಾನರೇ ನಕ್ಕ ಮೇಲೆ ಕೆಳಗಿನವರು ಎದುರಾಡುವುದು ಎಲ್ಲಿಂದ ಬಂತು?

ಜೋಕು ಹೊಡೆಯುವ ಅಭ್ಯಾಸವಿರುವ ಅಣ್ಣತಮ್ಮಂದಿರೇ, ನಿಮ್ಮನ್ನು ಕೆಟ್ಟವರೆಂದು ಹೊರಗಿಡುವ ಉದ್ದೇಶ ನನಗಿಲ್ಲ. ಯಾರಾದರೂ 'ಬೇಡ' ಎಂದರೆ ವಾದಕ್ಕಿಳಿಯಬೇಡಿ. "ತಪ್ಪಾಯ್ತು ಮೇಡಂ, ಇನ್ನು ಅನ್ನಲ್ಲ" ಎಂದುಬಿಡಿ, ಹಾಗೇ ನಡೆದುಕೊಳ್ಳಿ. ಅದರಿಂದ ನಿಮ್ಮ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಅಕ್ಕತಂಗಿಯರೇ, ಆ ಕ್ಷಣದಲ್ಲಿ ನಿಮಗೆ ಉತ್ತರ ಕೊಡಲಾಗದಿದ್ದರೆ ಅದು ನಿಮ್ಮ ತಪ್ಪಲ್ಲ. ಮುಜುಗರ ಮುಚ್ಚಿಕೊಳ್ಳಲು ನೀವೂ ನಕ್ಕಿದ್ದರೆ ಅದೂ ಒಪ್ಪಿಗೆಯಲ್ಲ. ಕೆಲಸ ಬಿಡುವ ಯೋಚನೆ ಬಂದಾಗ ಬಿಡುವ ಮೊದಲು ಒಬ್ಬರಿಗಾದರೂ ಹೇಳಿ.

ಎಷ್ಟೋ ಮನೆಗಳಲ್ಲಿ ಮಗಳು ಕೆಲಸಕ್ಕೆ ಹೊರಡಲು ಅಪ್ಪ ಅಮ್ಮನನ್ನು, ಅತ್ತೆ ಮಾವನನ್ನು ಒಪ್ಪಿಸಿ ಬಂದಿರುತ್ತಾಳೆ. ಇಂಥ ಒಂದು ಮಾತು ಮನೆಗೆ ತಿಳಿದರೆ ಅವಳ ಕೆಲಸವೇ ನಿಲ್ಲುತ್ತದೆ, ಅದಕ್ಕೇ ಅವಳು ನುಂಗಿಕೊಳ್ಳುತ್ತಾಳೆ. ಆದ್ದರಿಂದ ಮೊದಲ ಮಾತು ಆಡಬೇಕಾದ ಹೊಣೆ ಪಕ್ಕದಲ್ಲಿ ಕೂತ ನಮ್ಮದು. ನಾಳೆ ಕೆಲಸಕ್ಕೆ ಹೋದಾಗ ನಿಮ್ಮಲ್ಲಿ ಸಮಿತಿ ಇದೆಯೇ, ಅದರಲ್ಲಿ ಯಾರಿದ್ದಾರೆ ಎಂದು ಕೇಳಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಅರ್ಜಿ ಬರೆದು ಕೊಡಿ. ಮುಂದಿನ ಸಲ ಅಂಥ ಜೋಕು ಬಂದಾಗ 'ಈ ಮಾತು ಬೇಡ' ಎಂದು ನೀವೇ ಮೊದಲು ಹೇಳಿ. ನೀವು ಹೇಳಿದರೆ ಪಕ್ಕದವರೂ ಹೇಳುತ್ತಾರೆ.

ಕಳಕಳಿಯಿಂದ,
ನಿಮ್ಮ ಊರಿನ ಸಹೋದರಿ