‘ಚಿಕ್ಕ ಅಂಗಡಿಗೆ ಯಾವ ಕಾನೂನೂ ಇಲ್ಲ’ ಎನ್ನುವುದು ನಿಜವೇ? ಕೆಲಸಗಾರರ ವಿಷಯದಲ್ಲಿ ಮಾಲೀಕರು ನಂಬಿರುವ ಏಳು ಮಾತುಗಳು

ವ್ಯಾಪಾರಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೆಲೆ ಏರಿಕೆ, ಜಿಎಸ್‌ಟಿ ಬಿಟ್ಟರೆ ಹೆಚ್ಚು ಚರ್ಚೆಯಾಗುವುದು ‘ಕೆಲಸಕ್ಕೆ ಜನ ನಿಲ್ಲುತ್ತಿಲ್ಲ’ ಎನ್ನುವ ವಿಷಯ. ಅದರ ಜೊತೆಗೇ ಸಲಹೆಗಳೂ ಬರುತ್ತವೆ. ‘ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳಿ, ಓಡಿಹೋಗಲ್ಲ’, ‘ಲೇಟಾಗಿ ಬಂದರೆ ಅರ್ಧ ದಿನ ಕಟ್ ಮಾಡಿ, ಬುದ್ಧಿ ಬರುತ್ತೆ’, ‘ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಯಾರೂ ಕೇಳಲ್ಲ’. ಕೇಳಲು ಅನುಭವದ ಮಾತಿನಂತೆ ಇರುವ ಇವುಗಳಲ್ಲಿ ಹಲವು ತಪ್ಪು. ಕೆಲವಂತೂ ಮಾಲೀಕರನ್ನೇ ಕೋರ್ಟು, ಪೊಲೀಸ್ ಠಾಣೆಗೆ ಅಲೆಸಬಲ್ಲವು.

ಕೆಜಿಎಫ್ ಮತ್ತು ಬಂಗಾರಪೇಟೆಯ ಹಿನ್ನೆಲೆಯಲ್ಲಿ ಇವುಗಳನ್ನು ಒಂದೊಂದಾಗಿ ನೋಡೋಣ.

ಇಲ್ಲಿ ಕೆಲಸಗಾರರು ಯಾಕೆ ನಿಲ್ಲುವುದಿಲ್ಲ?

ಕೋಲಾರ ಚಿನ್ನದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ನೂರಕ್ಕೂ ಹೆಚ್ಚು ವರ್ಷ ಗಣಿಯನ್ನೇ ನಂಬಿದ್ದ ಊರಿನ ಜನ ಕೆಲಸ ಹುಡುಕಿಕೊಂಡು ರೈಲು ಹತ್ತಿದರು. ಇಂದಿಗೂ ಮಾರಿಕುಪ್ಪಂನಿಂದ ಹೊರಟು ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮೂಲಕ ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಹಾಗಾಗಿ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಗೋ ಬಂಗಾರಪೇಟೆಯ ಚಾಟ್ಸ್ ಅಂಗಡಿಗೋ ಪೈಪೋಟಿ ಪಕ್ಕದ ಅಂಗಡಿಯದಷ್ಟೇ ಅಲ್ಲ, ಬೆಂಗಳೂರಿನ ಮಾಲ್, ಗೋದಾಮು, ಡೆಲಿವರಿ ಕಂಪನಿಗಳದ್ದು. ಅಲ್ಲಿನ ಸಂಬಳವನ್ನು ಇಲ್ಲಿನ ಸಣ್ಣ ಮಾಲೀಕರು ಕೊಡಲಾಗದು. ಆದರೆ ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ ಕಳೆಯುವ ಬದಲು ಮನೆಯ ಹತ್ತಿರವೇ ಕೆಲಸ ಸಿಗುವುದು ಅನೇಕರಿಗೆ ದೊಡ್ಡ ಅನುಕೂಲ. ಆ ಅನುಕೂಲವನ್ನೂ ಬಿಟ್ಟು ಹೋಗುತ್ತಿದ್ದಾರೆ ಎಂದರೆ ಸಂಬಳದ ಮೊತ್ತದ ಆಚೆಗೂ ಏನೋ ಸರಿಯಿಲ್ಲ ಎಂದೇ ಅರ್ಥ.

ನಂಬಿಕೆ 1: ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಯಾವ ಕಾನೂನೂ ಅನ್ವಯಿಸುವುದಿಲ್ಲ

ಇದು ಅರ್ಧ ನಿಜ. ಗೊಂದಲ ಹುಟ್ಟುವುದೂ ಇಲ್ಲಿಯೇ. ಕೆಲವು ಕಾನೂನುಗಳಿಗೆ ಸಂಖ್ಯೆಯ ಮಿತಿ ಇದೆ. ಸಾಮಾನ್ಯವಾಗಿ ಇಎಸ್ಐ ಮತ್ತು ಗ್ರಾಚ್ಯುಟಿಗೆ 10 ಜನ, ಪಿಎಫ್‌ಗೆ 20 ಜನ ಇರಬೇಕು.

ಆದರೆ ಕನಿಷ್ಠ ವೇತನಕ್ಕೆ ಇಂಥ ಮಿತಿ ಇಲ್ಲ. ಒಬ್ಬನೇ ಹುಡುಗ ಕೆಲಸಕ್ಕಿದ್ದರೂ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಕೊಡಬೇಕು. ಕರ್ನಾಟಕದಲ್ಲಿ ಇದರ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಆದ್ದರಿಂದ ಎರಡು ವರ್ಷದ ಹಿಂದಿನ ಪಟ್ಟಿಯ ಫೋಟೋ ಫಾರ್ವರ್ಡ್ ಆಗಿ ಬಂದರೆ ಅದನ್ನು ನಂಬಬೇಡಿ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎನ್ನುವ ನಿಯಮಕ್ಕೂ ಅಂಗಡಿಯ ಗಾತ್ರ ಲೆಕ್ಕಕ್ಕಿಲ್ಲ. ಲೈಂಗಿಕ ಕಿರುಕುಳ ತಡೆ ಕಾಯ್ದೆಯೂ (2013) ಹಾಗೆಯೇ. 10 ಅಥವಾ ಹೆಚ್ಚು ಜನರಿದ್ದರೆ ಅಂಗಡಿಯಲ್ಲೇ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮಹಿಳೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರು ಮಾಲೀಕರ ಮೇಲೆಯೇ ಇದ್ದರೂ ಆ ಸಮಿತಿಗೇ ಹೋಗಬಹುದು.

ನಂಬಿಕೆ 2: ಅರ್ಧ ಗಂಟೆ ತಡವಾದರೆ ಅರ್ಧ ದಿನದ ಸಂಬಳ ಕಟ್ ಮಾಡಬಹುದು

ಇಲ್ಲ. ಕೆಲಸಕ್ಕೆ ಇರದಿದ್ದ ಸಮಯಕ್ಕೆ ತಕ್ಕಷ್ಟು ಮಾತ್ರ ಕಡಿತ ಮಾಡಬಹುದು. ಒಂದು ಲೆಕ್ಕ ನೋಡಿ. ತಿಂಗಳ ಸಂಬಳ 12,000 ರೂಪಾಯಿ ಎಂದುಕೊಳ್ಳೋಣ (ಇದು ಲೆಕ್ಕಕ್ಕೆ ಹಿಡಿದ ಅಂಕಿ, ಕನಿಷ್ಠ ವೇತನದ ದರ ಅಲ್ಲ). 26 ದಿನ, ದಿನಕ್ಕೆ 8 ಗಂಟೆ ಎಂದರೆ ಗಂಟೆಗೆ ಸುಮಾರು 58 ರೂಪಾಯಿ. ಅರ್ಧ ಗಂಟೆಗೆ 29 ರೂಪಾಯಿ. ಅರ್ಧ ದಿನ ಕಟ್ ಮಾಡಿದರೆ ಹೋಗುವುದು ಸುಮಾರು 231 ರೂಪಾಯಿ. ಅಂದರೆ ತಪ್ಪಿನ ಎಂಟು ಪಟ್ಟು.

ದಂಡ ಹಾಕುವುದಕ್ಕೂ ಕಟ್ಟುನಿಟ್ಟಿನ ಮಿತಿ ಇದೆ. ಯಾವ ತಪ್ಪಿಗೆ ದಂಡ ಎನ್ನುವ ಪಟ್ಟಿಗೆ ಸರ್ಕಾರದ ಅನುಮತಿ ಇರಬೇಕು, ಅದು ಎಲ್ಲರಿಗೂ ಗೊತ್ತಿರಬೇಕು. ಕೆಲಸಗಾರನ ಮಾತು ಕೇಳದೆ ದಂಡ ಹಾಕುವಂತಿಲ್ಲ. ಆ ತಿಂಗಳ ಸಂಬಳದ ಶೇ. 3ಕ್ಕಿಂತ ಹೆಚ್ಚು ದಂಡ ಇರಬಾರದು. ನಮ್ಮ ಲೆಕ್ಕದಲ್ಲಿ ಅದು 360 ರೂಪಾಯಿ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಮಿತಿ 2019ರ ವೇತನ ಸಂಹಿತೆಯಲ್ಲೂ ಉಳಿದಿದೆ.

ಸದಾ ತಡವಾಗಿ ಬರುವವರ ಜೊತೆ ಏನು ಮಾಡಬೇಕು? ಮೊದಲು ಕಾರಣ ಕೇಳಿ. ಮಗುವನ್ನು ಶಾಲೆಗೆ ಬಿಡುವುದೋ ಹಳ್ಳಿಯ ಬಸ್ಸಿನ ಸಮಯವೋ ಅಡ್ಡಿಯಾಗಿದ್ದರೆ, ಬರುವ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ ಹೋಗುವ ಹೊತ್ತನ್ನೂ ಅಷ್ಟೇ ಮುಂದಕ್ಕೆ ಹಾಕಿದರೆ ಸಮಸ್ಯೆ ಮುಗಿಯಬಹುದು.

ನಂಬಿಕೆ 3: ಲೋಟ ಒಡೆದರೆ, ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆಯಾದರೆ ಸಂಬಳದಲ್ಲಿ ಹಿಡಿದುಕೊಳ್ಳಬಹುದು

ಎಲ್ಲ ಸಂದರ್ಭದಲ್ಲೂ ಅಲ್ಲ. ಆ ವಸ್ತು ಅಥವಾ ಹಣವನ್ನು ನಿರ್ದಿಷ್ಟವಾಗಿ ಅವರ ವಶಕ್ಕೆ ಕೊಟ್ಟಿರಬೇಕು. ನಷ್ಟ ಅವರ ನಿರ್ಲಕ್ಷ್ಯದಿಂದಲೇ ಆಗಿರಬೇಕು. ಹಿಡಿಯುವ ಮುಂಚೆ ಅವರ ವಿವರಣೆ ಕೇಳಬೇಕು. ಆಗಿರುವ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ.

ನಾಲ್ಕು ಜನ ಕೈಹಾಕುವ ಗಲ್ಲದಲ್ಲಿ 500 ರೂಪಾಯಿ ಕಡಿಮೆ ಬಂದರೆ ಯಾರಿಂದ ಹಿಡಿಯುತ್ತೀರಿ? ಎಲ್ಲರಿಂದ ಹಂಚಿ ಹಿಡಿದರೆ ತಪ್ಪು ಮಾಡದ ಮೂವರು ಶಿಕ್ಷೆ ಅನುಭವಿಸುತ್ತಾರೆ, ಮಾಡಿದವನಿಗೆ ಲಾಭವೇ ಆಗುತ್ತದೆ. ಇದಕ್ಕೆ ಮದ್ದು ಕಡಿತ ಅಲ್ಲ. ಒಂದು ಹೊತ್ತಿಗೆ ಗಲ್ಲದ ಹೊಣೆ ಒಬ್ಬರಿಗೇ ಇರಲಿ. ಹೊಣೆ ಬದಲಾಗುವಾಗ ಇಬ್ಬರೂ ಎಣಿಸಿ ಪುಸ್ತಕದಲ್ಲಿ ಸಹಿ ಹಾಕಲಿ.

ನಂಬಿಕೆ 4: ಹೇಳದೆ ಕೆಲಸ ಬಿಟ್ಟವರಿಗೆ ಬಾಕಿ ಸಂಬಳ ಕೊಡಬೇಕಿಲ್ಲ

ದುಡಿದ ದಿನಗಳ ಸಂಬಳ ಕೆಲಸಗಾರರ ಹಣ. ಬಿಟ್ಟುಹೋದ ರೀತಿ ಸರಿಯಿಲ್ಲ ಎನ್ನುವುದು ಬೇರೆ ಮಾತು. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಒಂದಾದ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದರೂ ಅವರಾಗಿಯೇ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳೊಳಗೆ ಸಂಬಳ ಕೊಡಬೇಕು. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸೇರಬೇಕು.

ಬಾಕಿ ಕೊಡದೆ ಸತಾಯಿಸುವುದರಿಂದ ಇನ್ನೊಂದು ನಷ್ಟವಿದೆ. ಊರು ಚಿಕ್ಕದು. ‘ಅಲ್ಲಿ ಹೋಗಬೇಡ, ಕೊನೆಯಲ್ಲಿ ದುಡ್ಡು ಕೊಡಲ್ಲ’ ಎನ್ನುವ ಮಾತು ಆಂಡರ್ಸನ್‌ಪೇಟೆಯಿಂದ ಬಂಗಾರಪೇಟೆಗೆ ರೈಲಿಗಿಂತ ಬೇಗ ತಲುಪುತ್ತದೆ.

ನಂಬಿಕೆ 5: ಅಡ್ವಾನ್ಸ್ ಕೊಟ್ಟರೆ, ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡರೆ ಬಿಟ್ಟು ಹೋಗಲ್ಲ

ಏಳು ಮಾತುಗಳಲ್ಲಿ ಅತ್ಯಂತ ಅಪಾಯದ್ದು ಇದು. ಕಷ್ಟಕ್ಕೆ ಅಡ್ವಾನ್ಸ್ ಕೊಟ್ಟು ಕಂತಿನಲ್ಲಿ ಸಂಬಳದಿಂದ ಹಿಡಿದುಕೊಳ್ಳುವುದು ತಪ್ಪಲ್ಲ. ಆದರೆ ಎಲ್ಲ ಕಡಿತ ಸೇರಿ ಸಾಮಾನ್ಯವಾಗಿ ಸಂಬಳದ ಅರ್ಧ ದಾಟಬಾರದು. ‘ಸಾಲ ತೀರುವವರೆಗೆ ಬೇರೆಲ್ಲೂ ಹೋಗುವಂತಿಲ್ಲ’ ಎಂದು ಕಟ್ಟಿಹಾಕಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಇದಕ್ಕೆ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಜೀತ ಎಂದರೆ ಹಳ್ಳಿಯ ಹೊಲಗದ್ದೆಯಲ್ಲಿ ಮಾತ್ರ ಇರುವುದು ಎಂದು ಅನೇಕರು ತಿಳಿದಿದ್ದಾರೆ. ಇಟ್ಟಿಗೆ ಗೂಡು, ಹೋಟೆಲ್, ಗ್ಯಾರೇಜ್ ಎಲ್ಲಿ ನಡೆದರೂ ಅದು ಜೀತವೇ.

ಮೂಲ ಮಾರ್ಕ್ಸ್ ಕಾರ್ಡ್, ಆಧಾರ್ ಕಾರ್ಡ್ ಇಟ್ಟುಕೊಳ್ಳುವುದೂ ಬೇಡ. ನೋಡಿ, ಜೆರಾಕ್ಸ್ ಇಟ್ಟುಕೊಂಡು, ಮೂಲ ಪ್ರತಿ ಅಲ್ಲೇ ವಾಪಸ್ ಕೊಡಿ.

ನಂಬಿಕೆ 6: ನನ್ನ ಅಂಗಡಿ, ಯಾವಾಗ ಬೇಕಾದರೂ ‘ನಾಳೆಯಿಂದ ಬರಬೇಡ’ ಎನ್ನಬಹುದು

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ, ಸತತ ಆರು ತಿಂಗಳು ಕೆಲಸ ಮಾಡಿದವರನ್ನು ತೆಗೆಯಲು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ದಿನದ ಸಂಬಳ ಬೇಕು ಎನ್ನುತ್ತದೆ. ಕಳ್ಳತನದಂಥ ದುರ್ನಡತೆ ವಿಚಾರಣೆಯಲ್ಲಿ ದಾಖಲೆಸಹಿತ ಸಾಬೀತಾದರೆ ನೋಟಿಸ್ ಬೇಕಿಲ್ಲ. ಇಂಥ ಕಾಯ್ದೆಗಳಿಗೂ ಸಣ್ಣ ಅಂಗಡಿಗಳ ವಿನಾಯಿತಿಗಳಿಗೂ ಆಗಾಗ ತಿದ್ದುಪಡಿ ಬರುವುದರಿಂದ, ಹೆಜ್ಜೆ ಇಡುವ ಮುಂಚೆ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

ಹಾಗೆಂದು ಕೆಲಸ ಮಾಡದವರನ್ನು ಸಹಿಸಿಕೊಂಡೇ ಇರಬೇಕು ಎಂದಲ್ಲ. ಮೊದಲ ಸಲ ಬಾಯಲ್ಲಿ ಹೇಳಿ, ಅದೂ ಗಿರಾಕಿಗಳ ಎದುರಿಗೆ ಅಲ್ಲ, ಒಬ್ಬರನ್ನೇ ಕೂರಿಸಿಕೊಂಡು. ಎರಡನೇ ಸಲ ತಾರೀಖು ಹಾಕಿ ಬರೆದು ಕೊಡಿ. ಏನು ಬದಲಾಗಬೇಕು, ಎಷ್ಟು ದಿನದಲ್ಲಿ ಎಂದು ಅದರಲ್ಲಿರಲಿ. ಕೆಜಿಎಫ್‌ನಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನವರು ಬಹಳ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ. ಆಮೇಲೂ ಬದಲಾಗದಿದ್ದರೆ ನಿಮ್ಮ ನಿರ್ಧಾರಕ್ಕೆ ಆಧಾರ ಇರುತ್ತದೆ.

ನಂಬಿಕೆ 7: ‘ಈ ಹುಡುಗ ಕಳ್ಳ, ಯಾರೂ ಕೆಲಸ ಕೊಡಬೇಡಿ’ ಎಂದು ಗುಂಪಿಗೆ ಹಾಕುವುದು ಎಲ್ಲರಿಗೂ ಒಳ್ಳೆಯದು

ಫೋಟೋ, ಫೋನ್ ನಂಬರ್ ಸಮೇತ ಇಂಥ ಸಂದೇಶ ಬಂದರೆ ಬಹಳ ಜನ ಯೋಚಿಸದೆ ಮುಂದಕ್ಕೆ ಕಳಿಸುತ್ತಾರೆ. ಆರೋಪ ಸುಳ್ಳಾದರೆ ಒಬ್ಬ ಹುಡುಗನ ದುಡಿಮೆಯ ದಾರಿಯೇ ಮುಚ್ಚಿಹೋಗುತ್ತದೆ. ಸಂದೇಶವನ್ನು ಮೊದಲು ಹಾಕಿದವರು ಅಳಿಸಿದರೂ ನೂರು ಫೋನುಗಳಲ್ಲಿ ಅದು ಉಳಿದಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನನಷ್ಟಕ್ಕೆ ಎರಡು ವರ್ಷದವರೆಗೆ ಸಾದಾ ಜೈಲು ಶಿಕ್ಷೆ ಸಾಧ್ಯ. ಫಾರ್ವರ್ಡ್ ಮಾಡಿದವರಿಗೂ ತೊಂದರೆ ತಪ್ಪಿದ್ದಲ್ಲ.

ನಿಜವಾಗಿ ಕಳ್ಳತನ ಆಗಿದ್ದರೆ ಸಿಸಿಟಿವಿ ದೃಶ್ಯ, ಬಿಲ್ ಪುಸ್ತಕ ತೆಗೆದುಕೊಂಡು ಠಾಣೆಗೆ ಲಿಖಿತ ದೂರು ಕೊಡಿ. ಬೇರೆ ಮಾಲೀಕರು ಫೋನ್ ಮಾಡಿ ಕೇಳಿದರೆ ನಿಮಗೆ ಗೊತ್ತಿರುವ ಸತ್ಯವನ್ನಷ್ಟೇ ಹೇಳಿ.

ನರಸಾಪುರದಲ್ಲಿ ಆದದ್ದೇನು?

ಸಂಬಳದ ಗೊಂದಲ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 2020ರ ಡಿಸೆಂಬರ್ 12ರಂದು ಕೋಲಾರ ತಾಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲಸಗಾರರು ದಾಂಧಲೆ ನಡೆಸಿದರು. ಹಿಂಸೆಗೆ ಸಮರ್ಥನೆ ಇಲ್ಲ. ಆದರೆ ಸಂಬಳ ತಡ, ಕಡಿಮೆ ಸಂಬಳ ಎನ್ನುವ ದೂರುಗಳು ಅದಕ್ಕೂ ಮುಂಚೆಯೇ ಇದ್ದವು.

ಅಲ್ಪ ಕಾಲದಲ್ಲಿ ಕೆಲಸಗಾರರ ಸಂಖ್ಯೆ ಸುಮಾರು 5,000ದಿಂದ 10,500ಕ್ಕೆ ಏರಿತ್ತು. ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದವರು. ಹಾಜರಿ, ಸಂಬಳದ ಲೆಕ್ಕ ನೋಡುವ ವ್ಯವಸ್ಥೆ ಅದಕ್ಕೆ ತಕ್ಕಂತೆ ಬೆಳೆದಿರಲಿಲ್ಲ. ಏಜೆನ್ಸಿ ಮತ್ತು ಪಾವತಿಗಳನ್ನು ನಿರ್ವಹಿಸುವ ಕ್ರಮ ಸರಿಪಡಿಸಬೇಕಿದೆ ಎಂದು ಕಂಪನಿಯೇ ಒಪ್ಪಿಕೊಂಡಿತು. ಆ್ಯಪಲ್ ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು.

ಅಂದಹಾಗೆ, ಆಗ ‘437 ಕೋಟಿ ನಷ್ಟ’ ಎನ್ನುವ ಅಂಕಿ ಎಲ್ಲೆಡೆ ಹರಿದಾಡಿತು. ಅದು ಪೊಲೀಸರಿಗೆ ಕೊಟ್ಟ ಮೊದಲ ದೂರಿನ ಅಂದಾಜು. ಕೆಲವೇ ದಿನಗಳಲ್ಲಿ ಕಂಪನಿ ನಷ್ಟ ಸುಮಾರು 26ರಿಂದ 52 ಕೋಟಿ ರೂಪಾಯಿ ಎಂದು ತಿಳಿಸಿತು. ಮೊದಲ ಅಂಕಿ ಹರಿದಾಡಿದಷ್ಟು ಎರಡನೆಯದು ಹರಿದಾಡಲಿಲ್ಲ.

ಕೆಜಿಎಫ್‌ಗೆ ಇದು ಹೊಸ ಪಾಠವೂ ಅಲ್ಲ. 1930ರಲ್ಲಿ ಗಣಿ ಕಾರ್ಮಿಕರು ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ನಿಯಮ ಯಾಕೆ ಬಂತು, ಅದರಿಂದ ತಮಗೇನಾಗುತ್ತದೆ ಎನ್ನುವ ನಂಬಿಕೆ ಇಲ್ಲದಿದ್ದರೆ ಯಾವ ಹಾಜರಿ ಯಂತ್ರವೂ ಶಿಸ್ತು ತರುವುದಿಲ್ಲ.

ಸಣ್ಣ ಮಾಲೀಕರು ನಾಳೆಯಿಂದಲೇ ಮಾಡಬಹುದಾದ ಐದು ಕೆಲಸ

1. ಸಂಬಳ, ಕೆಲಸದ ಹೊತ್ತು, ವಾರದ ರಜೆ, ಓಟಿ ದರ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಓಟಿಗೆ ಸಾಮಾನ್ಯ ದರದ ಎರಡು ಪಟ್ಟು ಕೊಡಬೇಕು ಎನ್ನುವುದು ನೆನಪಿರಲಿ.

2. ಸಂಬಳ ಒಂದೇ ತಾರೀಖಿಗೆ, ಆದಷ್ಟು ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಿ. ನಾಳೆ ತಕರಾರು ಬಂದರೆ ನಿಮಗೂ ದಾಖಲೆ ಇರುತ್ತದೆ.

3. ಕೊಟ್ಟ ಅಡ್ವಾನ್ಸ್, ಹಿಡಿದ ಕಂತು, ಉಳಿದ ಬಾಕಿ ಮೂರನ್ನೂ ಕೆಲಸಗಾರರ ಬಳಿ ಇರುವ ಪುಸ್ತಕದಲ್ಲೂ ಬರೆಯಿರಿ.

4. ಹಬ್ಬದ ರಜೆಯನ್ನು ಹಬ್ಬದ ಹಿಂದಿನ ದಿನ ಜಗಳವಾಡಿ ಕೊಡಬೇಡಿ. ಯುಗಾದಿ, ರಂಜಾನ್, ಕ್ರಿಸ್‌ಮಸ್, ಪೊಂಗಲ್ ಎಲ್ಲವೂ ಇರುವ ಊರಿದು. ಯಾರಿಗೆ ಯಾವ ದಿನ ಬೇಕೆಂದು ವರ್ಷದ ಮೊದಲೇ ಕೇಳಿದರೆ ಅಂಗಡಿಯನ್ನೂ ಮುಚ್ಚಬೇಕಾಗುವುದಿಲ್ಲ.

5. ಕೆಲಸ ಬಿಡುವವರನ್ನು ಕಾರಣ ಕೇಳಿ ಬರೆದಿಟ್ಟುಕೊಳ್ಳಿ. ಮೂವರು ಒಂದೇ ಕಾರಣ ಹೇಳಿದರೆ ಸಮಸ್ಯೆ ಅವರಲ್ಲಿಲ್ಲ.

ಸಂಬಳದ ವಿಷಯದಲ್ಲಿ ಕೆಲಸಗಾರರು ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಕಾನೂನು ಸಲಹೆಗೆ ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿ ಇದೆ, ಕರೆ ಉಚಿತ.

ಒಟ್ಟಿನಲ್ಲಿ: ಸಣ್ಣ ಅಂಗಡಿಗೆ ಕೆಲವು ವಿನಾಯಿತಿಗಳಿವೆ, ಆದರೆ ‘ಯಾವ ಕಾನೂನೂ ಇಲ್ಲ’ ಎನ್ನುವುದು ಸುಳ್ಳು. ಹೆದರಿಸಿ, ಕಾಗದ ಒತ್ತೆ ಇಟ್ಟುಕೊಂಡು ಯಾರನ್ನೂ ಉಳಿಸಿಕೊಳ್ಳಲಾಗದು. ಮುಂದಿನ ಸಲ ‘ಮಾಲೀಕರಿಗೆ ಉಪಯುಕ್ತ ಸಲಹೆ’ ಎನ್ನುವ ಸಂದೇಶ ಬಂದರೆ ಅದರಲ್ಲಿ ಕಾಯ್ದೆಯ ಹೆಸರು, ವರ್ಷ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಫೋನಿನಲ್ಲೇ ಅದು ನಿಲ್ಲಲಿ.